ಸ್ಕ್ಯಾನರ್ ಯಾರ ಪೈಕಿ

ಸಗಣಿ ಸಾರಿಸಿ ಬಿಸಿಲಲ್ಲಿ ಒಣಗಿಸಿದ ಬಿದಿರಿನ ತಟ್ಟೆಯ ಮೇಲೆ ಹಸಿ ರೇಷ್ಮೆಸೊಪ್ಪು ಹರಡಿದರೆ ಏಳುತ್ತಿದ್ದ ವಾಸನೆ ಅದು. ಅರ್ಧ ಕೊಟ್ಟಿಗೆ, ಅರ್ಧ ತೋಟ, ನಡುವೆ ಎಲ್ಲೋ ಹುಳುಗಳದೇ ಆದ ಒಂದು ಹುಳಿ. ಶ್ಯಾಮಲಮ್ಮನಿಗೆ ಅದು ಮೂಗಿಗಿಂತ ಮೊದಲು ಅಂಗಾಲಿಗೆ ನೆನಪಾಗುತ್ತಿತ್ತು. ಹುಳು ಮೇಯುವ ಕೋಣೆಗೆ ಹೋಗುವ ಮೊದಲು ಅಮ್ಮ ಕಾಲು ತೊಳೆಸುತ್ತಿದ್ದಳು, ಒದ್ದೆ ಕಾಲಿಗೆ ಮಣ್ಣುನೆಲದ ತಂಪು ತಾಗಿದ ಮೇಲೆಯೇ ವಾಸನೆ ಬರುತ್ತಿದ್ದದ್ದು. ಈಗ ಅದು ಕಂಪ್ಯೂಟರಿನ ಬೆನ್ನಿನಿಂದ ಬರುತ್ತಿತ್ತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದಿರುವ ಈ ಜೆರಾಕ್ಸ್ ಅಂಗಡಿ ಮೊದಲು ಅವಳ ತಮ್ಮ ರೇಷ್ಮೆಗೂಡು ತುಂಬಿಡುತ್ತಿದ್ದ ಕೋಣೆ. ಹಳೆಯ ತಟ್ಟೆಗಳು ಇನ್ನೂ ಅಟ್ಟದ ಮೇಲೆ ಒಂದರ ಬೆನ್ನಿಗೊಂದು ಒರಗಿದ್ದವು. ಯಂತ್ರ ಬಿಸಿಯಾಗಿ ಅದರೊಳಗಿನ ಫ್ಯಾನು ಗೋಡೆಗೆ ಗಾಳಿ ಊದತೊಡಗಿದರೆ ತಟ್ಟೆಗಳು ಎಚ್ಚರಗೊಳ್ಳುತ್ತಿದ್ದವು ಎಂದು ಕಾಣುತ್ತದೆ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕಂಪ್ಯೂಟರಿನಿಂದ ಹುಳುವಿನ ವಾಸನೆ ಬರುತ್ತದೆ ಎಂದು ಹೇಳುವ ಮುದುಕಿಯನ್ನು ಯಾವ ಅಂಗಡಿಯೂ ಕೂರಿಸಿಕೊಳ್ಳುವುದಿಲ್ಲ.

ಕೂರುವುದಾದರೂ ಎಷ್ಟು. ಅಂಗಡಿಯಲ್ಲಿ ಇದ್ದದ್ದು ಒಂದೇ ಕುರ್ಚಿ. ತಮ್ಮನ ಮಗ ಸುನೀಲ್‌ಕುಮಾರನ ಹೆಂಡತಿ ಮೌನಿಕಾ ಜೆರಾಕ್ಸ್ ಯಂತ್ರದ ಮುಂದೆ ನಿಂತೇ ಕೆಲಸ ಮಾಡುತ್ತಿದ್ದಳು, ಗಿರಾಕಿಗಳೂ ನಿಂತೇ ಇರುತ್ತಿದ್ದರು. ಕಂಪ್ಯೂಟರಿನ ಮುಂದಿನ ಆ ಕುರ್ಚಿಯಲ್ಲಿ ಶ್ಯಾಮಲಮ್ಮ ಯಾರೂ ಕೂರು ಎನ್ನದೆ, ಯಾರೂ ಏಳು ಎನ್ನದೆ ಕೂತುಬಿಟ್ಟಿದ್ದಳು. ಗೌರಿಬಿದನೂರಿನ ಹೆಣ್ಣುಮಕ್ಕಳ ಶಾಲೆಯಿಂದ ನಿವೃತ್ತಳಾಗಿ ತಮ್ಮನ ಮನೆಗೆ ಬಂದಾಗ ಊರವರು ತವರಿಗೆ ಬಂದಿರಾ ಎಂದು ಕೇಳಿದ್ದರು. ಹೂಂ ಎಂದಿದ್ದಳು. ಆದರೆ ಮದುವೆಯಾಗದೆ ಉಳಿದವಳಿಗೆ ತವರು ಎಂಬುದಿರುವುದಿಲ್ಲ. ಬಿಟ್ಟು ಹೋದವರಿಗೆ ಮಾತ್ರ ಅದು ತವರಾಗುತ್ತದೆ. ತಮ್ಮನ ಹೆಂಡತಿ ರಾಮಲಕ್ಷ್ಮಮ್ಮ ಒಳ್ಳೆಯವಳು, ದಿನವೂ ಹಾಲಿನ ಕೆನೆಯನ್ನು ಒಂದು ಪುಟ್ಟ ಬಟ್ಟಲಲ್ಲಿ ಎತ್ತಿಟ್ಟು ಅತ್ತಿಗೆಯ ತಟ್ಟೆಯ ಪಕ್ಕ ಇಡುತ್ತಿದ್ದಳು. ಆ ಬಟ್ಟಲನ್ನು ನೋಡಿದರೆ ಶ್ಯಾಮಲಮ್ಮನಿಗೆ ಕಣ್ಣು ತುಂಬುತ್ತಿತ್ತು, ಜೊತೆಗೆ ಸ್ವಲ್ಪ ಭಯವೂ ಆಗುತ್ತಿತ್ತು. ನೆಂಟರಿಗಲ್ಲವೇ ಹೀಗೆ ಬೇರೆ ಬಟ್ಟಲು. ಅಂಗಡಿಯ ಕುರ್ಚಿಯಲ್ಲಿ ಆ ಭಯವಿರಲಿಲ್ಲ. ಅಲ್ಲಿ ಮೌನಿಕಾ ಕೂಡ ಅವಳನ್ನು ಅತ್ತೆ ಎನ್ನದೆ ಮೇಡಂ ಎನ್ನುತ್ತಿದ್ದಳು. ಮನೆಗೆ ಬಂದರೆ ಮತ್ತೆ ಅತ್ತೆ. ಎರಡು ಬೀದಿಗಳ ನಡುವೆ ಎಲ್ಲಿ ಆ ಹೆಸರು ಬದಲಾಗುತ್ತಿತ್ತೋ ತಿಳಿಯದು.

ಹೋದ ವಾರ ಕಂಪ್ಯೂಟರಿನ ಹಳೆಯ ವ್ಯವಸ್ಥೆ ಕೆಟ್ಟುಹೋಗಿ, ಸುನೀಲನ ಗೆಳೆಯನೊಬ್ಬ ಪುಕ್ಕಟೆ ಸಿಗುವ ಬೇರೆಯದೊಂದನ್ನು ತುಂಬಿಸಿಕೊಟ್ಟಿದ್ದ. ಪುಕ್ಕಟೆಯಾದ್ದರಿಂದಲೋ ಏನೋ ಅದರೊಳಗೆ ಕೇಳದ ತಂತ್ರಾಂಶಗಳೆಲ್ಲ ಬಂದಿದ್ದವು. ಮೂಲೆಯ ಗುಂಡಿ ಒತ್ತಿದರೆ ಮೆನು ಮೇಲಿನಿಂದ ಕೆಳಗಿನವರೆಗೆ ಇಳಿದು, ಜಾಗ ಸಾಲದೆ ಇನ್ನೂ ಇದೆ ಎಂದು ಬಾಣದ ಗುರುತು ತೋರಿಸುತ್ತಿತ್ತು. ಬಹುಪಾಲು 'ಇತರೆ' ಎಂಬ ಒಂದೇ ಗುಂಪಿನಲ್ಲಿ ಬಿದ್ದಿದ್ದವು. ಮೌನಿಕಾ ಹೇಳಿದ್ದು ಇಷ್ಟೇ: ಮೇಡಂ, ಸುಮ್ನೆ ಕೂತಿರ್ತೀರಲ್ಲ, ಈ ಮೆನುನ ಒಂಚೂರು ವಿಂಗಡಿಸಿ ಇಡ್ತೀರಾ, ಸೋಮವಾರದಿಂದ ಕವಿತ ಅಂತ ಒಬ್ರು ಕೆಲಸಕ್ಕೆ ಬರ್ತಾರೆ, ಕಂಪ್ಯೂಟರ್ ಅವರಿಗೆ ಹೊಸದು, ಸುಲಭವಾಗಿ ಸಿಗೋ ಹಂಗಿರಲಿ. ಈ ಮಾತಿನಲ್ಲಿ ಶ್ಯಾಮಲಮ್ಮನಿಗೆ ಕೇಳಿದ್ದು ಎರಡೇ. ಸುಮ್ನೆ ಕೂತಿರ್ತೀರಲ್ಲ. ಒಬ್ರು ಬರ್ತಾರೆ. ಬರುವವಳು ಎಲ್ಲಿ ಕೂರುತ್ತಾಳೆ ಎಂದು ಕೇಳಲು ಬಾಯಿ ತೆರೆದು, ಆಗಲಿ ಅದಕ್ಕೇನು ಎಂದುಬಿಟ್ಟಿದ್ದಳು.

ಮೆನುವನ್ನು ತಿದ್ದಲು ಬೇರೆಯೇ ಒಂದು ಕಿಟಕಿ ಇತ್ತು. ಎಡಕ್ಕೆ ಗುಂಪುಗಳು, ಬಲಕ್ಕೆ ಒಳಗಿನವರು. ಹೊಸ ಉಪಗುಂಪು ಬೇಕಾದರೆ ಮಾಡಿಕೊಂಡು, ಬೇಕಾದ್ದನ್ನು ಹಿಡಿದೆಳೆದು ಅದರೊಳಗೆ ಬಿಡಬಹುದು. ಮೊದಲು ಅವಳು ಟೀಚರಿನ ಹಾಗೆಯೇ ಶುರುಮಾಡಿದಳು: ಬರವಣಿಗೆ, ಲೆಕ್ಕ, ಚಿತ್ರ. ನೋಡಲು ಶಾಲೆಯ ವೇಳಾಪಟ್ಟಿಯ ಹಾಗಿತ್ತು, ಜೀವವಿರಲಿಲ್ಲ. ಆಮೇಲೆ ಕಣ್ಣಿಗೆ ಬಿದ್ದದ್ದು, ಪತ್ರ ಬರೆಯುವ ತಂತ್ರಾಂಶ, ಲೆಕ್ಕದ ಹಾಳೆ ಮತ್ತು ಭಾಷಣದ ಜೊತೆ ತೋರಿಸುವ ಸ್ಲೈಡು ಮಾಡಿಕೊಡುವಂಥದ್ದು, ಈ ಮೂರಕ್ಕೂ ಹೆಸರಿನ ಮೊದಲ ಅರ್ಧ ಒಂದೇ. ಇಂಟಿಪೇರು. ಒಂದೇ ಮನೆತನದ ಹೆಸರು ಹೊತ್ತವರು ದಾಯಾದಿಗಳಲ್ಲದೆ ಇನ್ನೇನು. ಅವಳು ಬರವಣಿಗೆ, ಲೆಕ್ಕ, ಚಿತ್ರ ಮೂರನ್ನೂ ಅಳಿಸಿ 'ದೊಡ್ಡಪ್ಪನ ಮಕ್ಕಳು' ಎಂದು ಒಂದು ಗುಂಪು ಮಾಡಿದಳು. ಅಲ್ಲಿಂದ ಮುಂದೆ ಕೈ ತಾನಾಗಿ ನಡೆಯಿತು. ಯಂತ್ರದ ಜೊತೆಗೇ ಹುಟ್ಟಿದ ಗಡಿಯಾರ, ಧ್ವನಿ, ಬಣ್ಣ ಮುಂತಾದವು 'ತವರು'. ಹೊರಗಿನಿಂದ ತಂದು ಸೇರಿಸಿದ ಪ್ರಿಂಟರ್, ಸ್ಕ್ಯಾನರ್, ಪಿಡಿಎಫ್ 'ಬೀಗರು'. ಎಲ್ಲರೂ ಹೋಗಿ ಬರುವ ಇಂಟರ್‌ನೆಟ್ಟು 'ಊರವರು'. ಪತ್ರದ ಮನೆಯವರು ಪಿಡಿಎಫ್ ಮನೆಗೆ ಹೆಣ್ಣು ಕೊಡುತ್ತಾರೆ. ಒಮ್ಮೆ ಆ ಮನೆ ಸೇರಿದ ಪತ್ರವನ್ನು ತವರಿನವರು ತಿದ್ದಲು ಹೋದರೆ ಅದು ಒಪ್ಪುವುದಿಲ್ಲ. ಇದು ಎಷ್ಟು ಸರಿಯಾಗಿ ಹೊಂದಿತೆಂದರೆ ಶ್ಯಾಮಲಮ್ಮ ಒಬ್ಬಳೇ ಕೂತು ನಕ್ಕಳು. ನಡುವೆ ಯಂತ್ರ ನಿಂತುಹೋಗುತ್ತಿತ್ತು. ಆಗ ಅವಳು ಮೌಸಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕಾಯುತ್ತಿದ್ದಳು. ಹುಳು ಪೊರೆ ಬಿಡುವ ಮುನ್ನ ತಲೆ ಎತ್ತಿ ಅಲುಗದೆ ಕೂರುತ್ತದಲ್ಲ, ಅದನ್ನು ಅಮ್ಮ ಜ್ವರ ಎನ್ನುತ್ತಿದ್ದಳು. ಜ್ವರದಲ್ಲಿರೋದಕ್ಕೆ ಸೊಪ್ಪು ಹಾಕಬಾರದು ಕಣೇ, ಅದರ ಪಾಡಿಗೆ ಬಿಡು ಎನ್ನುತ್ತಿದ್ದಳು. ಬೇರೆಯವರು ಯಂತ್ರ ನಿಂತರೆ ಟಕಟಕ ಒತ್ತುತ್ತಾರೆ. ಶ್ಯಾಮಲಮ್ಮ ಒತ್ತುತ್ತಿರಲಿಲ್ಲ.

ಕೊನೆಗೆ 'ಇತರೆ'ಯಲ್ಲಿ ಒಂದೇ ಒಂದು ಉಳಿಯಿತು, ಭೂತಗನ್ನಡಿ. ತೆರೆದರೆ ಪರದೆಯ ಮೇಲಿನ ಅಕ್ಷರಗಳನ್ನು ದೊಡ್ಡದು ಮಾಡಿ ತೋರಿಸುವುದು, ಅಷ್ಟೇ ಅದರ ಕೆಲಸ. ಅದಕ್ಕೆ ಮನೆತನವಿಲ್ಲ, ಯಾರಿಂದಲೂ ತೆಗೆದುಕೊಳ್ಳುವುದಿಲ್ಲ, ಯಾರಿಗೂ ಕೊಡುವುದಿಲ್ಲ. ತವರಿಗೆ ಎಳೆದಳು, ಸರಿಕಾಣಲಿಲ್ಲ. ಬೀಗರಲ್ಲಿ ಬಿಟ್ಟಳು, ಅದು ಇನ್ನೂ ವಿಚಿತ್ರ. ವಾಪಸು ತಂದು ಇತರೆಯಲ್ಲೇ ಇಟ್ಟು, ಅದರ ಮುಂದೆ ಬಹಳ ಹೊತ್ತು ಕೂತಿದ್ದಳು. ಮನೆಗೆ ನಡೆದು ಹೋಗುವಾಗ ಹಾಲಿನ ಡೈರಿಯ ತಿರುವಿನಲ್ಲಿ ಒಂದು ಯೋಚನೆ ಹಿಂದಿನಿಂದ ಬಂದು ಸೆರಗು ಹಿಡಿಯಿತು. ಈ ಮೆನುವಿನಲ್ಲಿ ಯಾವುದು ಎಲ್ಲಿದೆ ಎಂದು ಅವಳನ್ನು ಬಿಟ್ಟು ಇನ್ನೊಬ್ಬರಿಗೆ ಸಿಗುವುದಿಲ್ಲ. ಮೌನಿಕಾ ಕೇಳಬೇಕು. ಬರುವವಳು ಕೇಳಬೇಕು. ಕೇಳಬೇಕಾದರೆ ಅವಳು ಅಲ್ಲಿರಬೇಕು. ಛೇ, ಹಾಗೆಂದು ಮಾಡಿದ್ದಲ್ಲ ಎಂದುಕೊಂಡಳು. ಮಾಡುವಾಗ ಹಾಗೆಂದು ಮಾಡಿದ್ದಲ್ಲ. ಆದರೆ ಈಗ ಗೊತ್ತಾದ ಮೇಲೂ ಹಿಂದಿರುಗಿ ಹೋಗಿ ಬದಲಿಸಲು ಅವಳ ಕಾಲು ತಿರುಗಲಿಲ್ಲ. ಎದುರಿಗೆ ಸಿಕ್ಕ ಪೆಟ್ಟಿಗೆ ಅಂಗಡಿಯ ಗಂಗುಲಮ್ಮ ಏನು ಟೀಚರಮ್ಮ ಒಬ್ಬರೇ ನಗ್ತಾ ಇದೀರಿ ಎಂದಳು. ತಾನು ನಗುತ್ತಿದ್ದೆನೆಂಬುದು ಶ್ಯಾಮಲಮ್ಮನಿಗೆ ತಿಳಿದಿರಲಿಲ್ಲ.

ಸೋಮವಾರ ಕವಿತ ಬಂದಳು. ಮೂವತ್ತು ದಾಟಿದ ಹೆಂಗಸು, ತೆಳ್ಳಗೆ, ಕೈಯಲ್ಲಿ ಊಟದ ಡಬ್ಬಿಯ ಚೀಲ. ಯಾರೂ ಹೇಳದಿದ್ದರೂ ಚಪ್ಪಲಿಯನ್ನು ಮೆಟ್ಟಿಲಿನಿಂದಲೂ ಆಚೆ ಬಿಟ್ಟು ಒಳಗೆ ಬಂದು, ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಳು. ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಳಂತೆ, ಅಷ್ಟು ದೂರದ ಓಡಾಟ ಆಗದೆ ಬಿಟ್ಟಳಂತೆ. ಪೆಟ್ಟಿಗೆಗೆ ಟೇಪು ಹಾಕೋದು ಬಿಟ್ರೆ ನಂಗೇನೂ ಬರಲ್ಲಮ್ಮ ಎಂದು ಶ್ಯಾಮಲಮ್ಮನಿಗೆ ಮಾತ್ರ ಕೇಳುವಂತೆ ಹೇಳಿದಳು, ತಪ್ಪು ಒಪ್ಪಿಸುವವಳ ಹಾಗೆ. ಶ್ಯಾಮಲಮ್ಮ ರಾತ್ರಿಯೆಲ್ಲ ಕಲ್ಪಿಸಿಕೊಂಡಿದ್ದವಳು ಬೇರೆ. ಆ ಇನ್ನೊಬ್ಬಳು ಚುರುಕಾಗಿದ್ದಳು, ಉಗುರಿಗೆ ಬಣ್ಣ ಹಚ್ಚಿದ್ದಳು, ಬಂದವಳೇ ಎಕ್ಸ್‌ಕ್ಯೂಸ್ ಮಿ ಎಂದು ಕುರ್ಚಿ ಕೇಳುತ್ತಿದ್ದಳು. ಅವಳ ಜೊತೆ ಜಗಳವಾಡಲು ಸಿದ್ಧಮಾಡಿಟ್ಟುಕೊಂಡ ಮಾತುಗಳೆಲ್ಲ ಈಗ ಬಾಯಲ್ಲಿ ಹಾಗೇ ಉಳಿದವು.

ಅಷ್ಟರಲ್ಲಿ ಗಿರಾಕಿಗಳು. ಗೂಡಿನ ಹರಾಜು ಮುಗಿಸಿ ಬಂದ ವೆಂಕಟರಾಯಪ್ಪ ಎಂಬ ರೈತರು ಮುಂದೆ ನಿಂತಿದ್ದರು, ಮೊಮ್ಮಗಳ ಹಾಸ್ಟೆಲ್ ಅರ್ಜಿಗೆ ಒಂದು ಫೋಟೋ ಸ್ಕ್ಯಾನ್ ಆಗಬೇಕಿತ್ತು. ಹಿಂದೆ ಇನ್ನಿಬ್ಬರು. ಮೆನು ತಿದ್ದುವಷ್ಟು ದಿನ ಕಂಪ್ಯೂಟರನ್ನು ಶ್ಯಾಮಲಮ್ಮನಿಗೇ ಬಿಟ್ಟಿದ್ದ ಮೌನಿಕಾ ಕುರ್ಚಿಯ ಪಕ್ಕದಿಂದ ಬಾಗಿ ಮೆನು ತೆರೆದಳು. ತೆರೆದವಳು ಹಾಗೇ ನೋಡುತ್ತ ನಿಂತಳು. ದೊಡ್ಡಪ್ಪನ ಮಕ್ಕಳು. ತವರು. ಬೀಗರು. ಊರವರು. ಇತರೆ.

"ಮೇಡಂ, ಇದೇನು ಲಗ್ನಪತ್ರಿಕೆನಾ?"

ಶ್ಯಾಮಲಮ್ಮ ವಿವರಿಸಲು ಹೊರಟಳು. ವಿವರಣೆ ಮನಸ್ಸಿನಲ್ಲಿದ್ದಾಗ ಇದ್ದ ಅಂದ ಬಾಯಿಗೆ ಬಂದಾಗ ಉಳಿಯಲಿಲ್ಲ. ಸ್ಕ್ಯಾನರ್ ಹೊರಗಿನಿಂದ ಬಂದದ್ದು, ಹಾಗಾಗಿ ಬೀಗರ ಮನೆಯಲ್ಲಿದೆ ಎಂದಳು. ಹಿಂದೆ ನಿಂತವರಲ್ಲಿ ಒಬ್ಬ ಮುಸಿಮುಸಿ ನಕ್ಕ. ವೆಂಕಟರಾಯಪ್ಪ ಮಾತ್ರ ನಗಲಿಲ್ಲ; ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಂದು, ಊರ ಪಂಚಾಯಿತಿಯಲ್ಲಿ ಕೂತವರ ಗಾಂಭೀರ್ಯದಲ್ಲಿ, ಸ್ಕ್ಯಾನರ್ ಬೀಗರಾಗೋದು ಹೆಂಗೆ ಎಂದು ಕೇಳಿದರು. ಬೀಗರು ಅಂದ್ರೆ ಕೊಟ್ಟು ತರೋರು. ಪ್ರಿಂಟರ್ ಸರಿ, ಅದು ಇವರ ಮನೆದನ್ನ ತಗೊಂಡು ಹೋಗ್ತೈತೆ. ಸ್ಕ್ಯಾನರ್ ಬರೀ ತಂದು ಹಾಕ್ತೈತೆ, ಏನೂ ತಗೊಳ್ಳಲ್ಲ. ಹಂಗಾದ್ರೆ ಅದು ಸೋದರಮಾವ ಆಗಬೇಕಲ್ಲ, ತವರಿಗೆ ಹಾಕಿ ಎಂದರು. ನಗುತ್ತಿದ್ದವನು ನಗು ನಿಲ್ಲಿಸಿ, ಪ್ರಿಂಟರ್ ಓಲಗದೋನು ಇದ್ದಂಗೆ ಯಜಮಾನ್ರೆ, ಎಲ್ಲರ ಮದುವೆಗೂ ಬರ್ತಾನೆ, ಯಾರ ಪಂಕ್ತೀಲೂ ಕೂರಲ್ಲ ಎಂದ. ಮೂರನೆಯವನಿಗೆ ಚಿಂತಾಮಣಿ ಬಸ್ಸಿಗೆ ಹೊತ್ತಾಗಿತ್ತು, ಆದರೂ ಪಿಡಿಎಫ್ ಯಾರ ಮಗ ಎಂದು ತೀರ್ಮಾನವಾಗುವವರೆಗೆ ನಿಂತ. ಶ್ಯಾಮಲಮ್ಮನಿಗೆ ಒಂದು ಕ್ಷಣ ಹೆಮ್ಮೆಯೇ ಆಯಿತು, ತನ್ನ ಮೆನುವನ್ನು ಇಷ್ಟು ಜನ ಇಷ್ಟು ಕಾಳಜಿಯಿಂದ ಓದುತ್ತಿದ್ದಾರೆ. ಮರುಕ್ಷಣ ಮೌನಿಕಾಳ ಮುಖ ಕಂಡಿತು. ಸಿಟ್ಟಿನ ಮುಖವಲ್ಲ. ಮನೆಯ ಹಿರಿಯರು ನಾಲ್ಕು ಜನರೆದುರು ಹಾಸ್ಯವಾಗುತ್ತಿರುವುದನ್ನು ಹೇಗೆ ಮುಚ್ಚುವುದೆಂದು ಹುಡುಕುವ ಮುಖ. ಅದು ಸಿಟ್ಟಿಗಿಂತ ಹೆಚ್ಚು ಚುಚ್ಚಿತು.

ಸುನೀಲ್‌ಗೆ ಫೋನ್ ಮಾಡ್ತೀನಿ, ಎಲ್ಲ ಮೊದಲಿನ ಹಂಗೆ ಮಾಡಿಕೊಡ್ತಾರೆ ಎಂದು ಮೌನಿಕಾ ಮೆಲ್ಲನೆ ಹೇಳಿ, ಕವಿತ ನೀವು ಕೂತ್ಕೊಂಡು ನೋಡ್ತಿರಿ ಎಂದು ಫೋನ್ ಹಿಡಿದು ಹೊರಗೆ ಹೋದಳು. ಶ್ಯಾಮಲಮ್ಮ ಎದ್ದಳು. ಏಳುವಾಗ ಮಂಡಿ ಸದ್ದು ಮಾಡಿತು. ಕವಿತ ಕೂರಲಿಲ್ಲ, ನೀವಿರಿ ಅಮ್ಮ ಎಂದಳು. ಶ್ಯಾಮಲಮ್ಮನೂ ಮತ್ತೆ ಕೂರಲಿಲ್ಲ. ಕುರ್ಚಿಯ ಒಂದು ಪಕ್ಕ ಇವಳು, ಇನ್ನೊಂದು ಪಕ್ಕ ಅವಳು, ನಡುವೆ ಖಾಲಿ ಕುರ್ಚಿ, ಯಾರೋ ದೊಡ್ಡವರು ಬಂದು ಕೂರಲಿದ್ದಾರೆ ಎಂಬಂತೆ. ಗಿರಾಕಿಗಳೂ ಆ ಕುರ್ಚಿಯನ್ನೇ ನೋಡತೊಡಗಿದರು. ವಾಸನೆ ಮತ್ತೆ ಬಂತು. ಹುಳುವಿನ ಕೋಣೆಯ ಹೊಸ್ತಿಲಲ್ಲಿ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ಅಮ್ಮ ನೋಡುತ್ತಿದ್ದ ನೋಟ ನೆನಪಾಯಿತು. ಎಲ್ಲರಿಗೂ ಕಾಲು ತೊಳೆಯಲು ನೀರಿತ್ತು. ಆದರೂ ಸೊಪ್ಪಿನ ಹೊರೆ ಹೊತ್ತು ತರುತ್ತಿದ್ದ ಕೆಲವರು ಆ ನೀರು ಮುಟ್ಟದೆ, ಹೊರೆಯನ್ನು ಅಂಗಳದಲ್ಲಿ ಇಳಿಸಿ ಹಾಗೇ ಹೋಗುತ್ತಿದ್ದರು. ಹುಳುಗಳಿಗೆ ನಂಜಾಗುತ್ತದೆಂದು ಅವರು ಒಳಗೆ ಬರುವುದಿಲ್ಲ ಎಂದೇ ಶ್ಯಾಮಲಮ್ಮ ಆಗ ತಿಳಿದಿದ್ದಳು. ಕವಿತಳ ಚಪ್ಪಲಿ ಮೆಟ್ಟಿಲಿನಿಂದಾಚೆ ಬಿಸಿಲಲ್ಲಿ ಬಿದ್ದಿತ್ತು.

ಕಾಯುತ್ತ ಬೇಸರವಾಗಿಯೋ, ಮಾತಿಗೆ ಮಾತು ಇರಲೆಂದೋ, ವೆಂಕಟರಾಯಪ್ಪ ಕವಿತಳ ಕಡೆ ತಿರುಗಿದರು. ಕೆಟ್ಟ ದನಿಯೇನಲ್ಲ.

"ಯಾವೂರಮ್ಮ ನಿಂದು?"

"ದಿಬ್ಬೂರಹಳ್ಳಿ ಕಡೆ ಸಾರ್."

"ನಮ್ಮ ಪಕ್ಕದೂರೇ ಅಲ್ವಾ. ಯಾರ ಪೈಕಿ?"

ಕವಿತ ಚೀಲದ ಹಿಡಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ಉತ್ತರ ಅವಳಲ್ಲಿತ್ತು, ಅದು ಕಾಣುತ್ತಿತ್ತು. ಅದನ್ನು ಯಾವ ದನಿಯಲ್ಲಿ ಹೇಳಿದರೆ ಕಡಿಮೆ ನೋವು ಎಂದು ಲೆಕ್ಕ ಹಾಕುತ್ತಿದ್ದಳು, ಅದೂ ಕಾಣುತ್ತಿತ್ತು. ಒಂದು ವಾರ ಪೂರ್ತಿ ಈ ಕುರ್ಚಿಯಲ್ಲಿ ಕೂತು ಶ್ಯಾಮಲಮ್ಮ ಮಾಡಿದ್ದು ಇದನ್ನೇ. ಗಡಿಯಾರವನ್ನು, ಪ್ರಿಂಟರನ್ನು, ಬಡಪಾಯಿ ಭೂತಗನ್ನಡಿಯನ್ನು ಒಂದೊಂದಾಗಿ ಎದುರಿಗೆ ನಿಲ್ಲಿಸಿಕೊಂಡು ನೀನು ಯಾರ ಪೈಕಿ ಎಂದು ಕೇಳಿದ್ದು. ಉತ್ತರ ಹೇಳಲಾಗದ್ದನ್ನು ಹೊರಗೇ ಬಿಟ್ಟದ್ದು. ಅದರಲ್ಲಿ ಎಷ್ಟು ಸುಖಪಟ್ಟಳು. ವೆಂಕಟರಾಯಪ್ಪ ಕತ್ತು ಮುಂದೆ ಮಾಡಿ ಕಾಯುತ್ತಿದ್ದರು. ಈ ಮೌನವನ್ನು ಮುಗಿಸುವ ಮಾತು ಒಂದೇ ಇತ್ತು, ಅದನ್ನು ಆಡಿದರೆ ಕುರ್ಚಿ ಹೋಗುತ್ತದೆ.

"ನಮ್ಮ ಅಂಗಡಿ ಪೈಕಿ, ವೆಂಕಟರಾಯಪ್ಪನವರೇ," ಎಂದಳು ಶ್ಯಾಮಲಮ್ಮ, ತರಗತಿಯ ದನಿಯಲ್ಲಿ. "ಆ ಫೋಟೋ ಇವರ ಕೈಗೆ ಕೊಡಿ." ಆಮೇಲೆ ಕುರ್ಚಿಯ ಬೆನ್ನನ್ನು ಹಿಡಿದು ಸ್ವಲ್ಪ ಹಿಂದಕ್ಕೆ ಎಳೆದಳು, ಮನೆಗೆ ಬಂದವರಿಗೆ ಎಳೆಯುವ ಹಾಗೆ. "ಕೂತ್ಕೋಮ್ಮ ಕವಿತ."

ಕವಿತ ತುದಿಯಲ್ಲಿ ಕೂತಳು. ಡಬ್ಬಿಯ ಚೀಲವನ್ನು ಕಾಲಬಳಿ ಇಟ್ಟಳು. ಫೋಟೋವನ್ನು ಗಾಜಿನ ಮೇಲೆ ಹೇಗಿಡಬೇಕೆಂದು ಶ್ಯಾಮಲಮ್ಮ ತೋರಿಸಿ, ಈಗ ಮೆನುವಿನಲ್ಲಿ ಸ್ಕ್ಯಾನರ್ ಹುಡುಕು, ಬೀಗರ ಮನೆಯಲ್ಲಿದೆ ಎಂದು ಹೇಳಿದಳು. ಮೌಸು ಹಿಡಿದ ಕವಿತಳ ಕೈ ಹೋಗಿ ತವರನ್ನು ತೆರೆಯಿತು. ಅಲ್ಲಿ ಇರಲಿಲ್ಲ. ಮತ್ತೆ ಹೇಳಿದಳು, ಮತ್ತೆ ಕೈ ತವರಿಗೇ ಹೋಯಿತು. ಶ್ಯಾಮಲಮ್ಮನಿಗೆ ಶಾಲೆಯ ಹಳೆಯ ಅಸಹನೆ ತಲೆ ಎತ್ತಿತು, ಜೊತೆಗೆ ಒಂದು ನಾಚಿಕೆಗೇಡಿನ ಸಂತೋಷವೂ; ನೋಡು, ಇವಳಿಗೆ ಬರುವುದಿಲ್ಲ. ಏಕಮ್ಮ ಅಲ್ಲೇ ಹೋಗ್ತೀಯ ಎಂದು ಕೇಳಿದಳು.

ಕವಿತ ತಲೆ ಎತ್ತಲಿಲ್ಲ. "ನಮ್ಮೆಜಮಾನ್ರು ನಮ್ಮಮ್ಮನ ತಮ್ಮನೇ ಅಮ್ಮ. ಮೇನಮಾಮ. ನಂಗೆ ತವರು, ಅತ್ತೆಮನೆ, ಬೀಗರು ಎಲ್ಲ ಒಂದೇ ಬಾಗಿಲು. ಯಾವುದಂದ್ರೂ ಕೈ ಅಲ್ಲಿಗೇ ಹೋಗ್ತೈತೆ."

ವೆಂಕಟರಾಯಪ್ಪ, ಅದು ಸರಿ, ನಮ್ಮ ಸೊಸೇದೂ ಹಂಗೇ ಎಂದರು. ಸೊಸೆ ಮುನಿಸಿಕೊಂಡರೆ ಹೋಗೋಕೆ ತವರೇ ಇಲ್ಲ, ಪಡಸಾಲೆಯಿಂದ ಎದ್ದು ಅಡುಗೆಮನೆಗೆ ಹೋಗಿ ಕೂರ್ತಾಳೆ ಎಂದು ಸೇರಿಸಿದರು. ಎಲ್ಲರೂ ನಕ್ಕರು, ಕವಿತಳೂ. ಶ್ಯಾಮಲಮ್ಮ ನಗುತ್ತಲೇ ಪರದೆಯನ್ನು ನೋಡುತ್ತಿದ್ದಳು. ತನ್ನ ಮೆನುವಿನ ಗೋಡೆಗಳು, ಒಂದು ವಾರ ಎಬ್ಬಿಸಿದ್ದು, ಈ ಹೆಂಗಸಿನ ಒಂದು ಮದುವೆಯ ಮುಂದೆ ನಿಲ್ಲಲಿಲ್ಲ. ಆಗಲಿ, ಸ್ಕ್ಯಾನರನ್ನು ತವರಿಗೇ ಹಾಕಿಬಿಡುತ್ತೇನೆ, ಬೀಗರು ಏನು ಮಾಡಿಕೊಂಡಾರು ಎಂದು ಬಾಗಿ, ತಿದ್ದುವ ಕಿಟಕಿ ತೆರೆದು, ಆತುರದಲ್ಲಿ ಎಳೆಯದೆ, ತವರಿನೊಳಗೆ ಅದರ ಹೆಸರಿನ ಮುಂದೆ ಗುರುತು ಹಾಕಿದಳು. ಯಂತ್ರ ಜ್ವರಕ್ಕೆ ಕೂತಿತು. ಕವಿತ ಗುಂಡಿ ಒತ್ತಲು ಹೋದಾಗ ಅವಳ ಕೈ ಮೇಲೆ ಕೈಯಿಟ್ಟು ತಡೆದಳು. ಇಬ್ಬರೂ ಕಾದರು. ಜ್ವರ ಬಿಟ್ಟಿತು. ತವರಿನಲ್ಲಿ ಸ್ಕ್ಯಾನರ್ ಇತ್ತು. ಬೀಗರಲ್ಲೂ ಇತ್ತು.

ಶ್ಯಾಮಲಮ್ಮ ಕನ್ನಡಕ ಒರೆಸಿ ನೋಡಿದಳು. ಎರಡೂ ಕಡೆ ಇತ್ತು. ಎಲ್ಲಿಯೂ ಅರ್ಧವಾಗಿರಲಿಲ್ಲ. ಇಲ್ಲಿ ಒತ್ತಿದರೂ ತೆರೆಯಿತು, ಅಲ್ಲಿ ಒತ್ತಿದರೂ ಅದೇ ತೆರೆಯಿತು. ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇರಬಾರದೆಂದು ಈ ಯಂತ್ರಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಳೆದು ತರುವುದು ಬೇಕಿರಲಿಲ್ಲ, ಗುರುತು ಹಾಕಿದರೆ ಸಾಕಿತ್ತು. ಒಂದು ವಾರ ಅವಳಿಗೆ ಅದು ಹೊಳೆದಿರಲಿಲ್ಲ. ಫೋಟೋ ಪರದೆಯ ಮೇಲೆ ಮೂಡಿತು, ಎರಡು ಜಡೆಯ ಒಂದು ಮಗು ಮುಖ ಗಂಟಿಕ್ಕಿಕೊಂಡು. ಗಿರಾಕಿಗಳು ತಮ್ಮ ತಮ್ಮ ಕೆಲಸ ಮುಗಿಸಿ ಹೋದರು, ಚಿಂತಾಮಣಿಯವನಿಗೆ ಬಸ್ಸು ತಪ್ಪಿತ್ತು. ಮೌನಿಕಾ ಒಳಗೆ ಬಂದು, ಸುನೀಲ್ ಸಂಜೆ ಬಂದು ಸರಿಮಾಡ್ತಾರಂತೆ ಎಂದಳು. ಕವಿತ ಮೆತ್ತಗೆ, ಬೇಡಕ್ಕ, ನಂಗೆ ಸಿಗ್ತೈತೆ ಎಂದಳು. ಮೌನಿಕಾ ಪರದೆಯನ್ನೂ ಇಬ್ಬರನ್ನೂ ನೋಡಿ, ಏನಾದ್ರೂ ಮಾಡ್ಕೊಳ್ಳಿ, ನಂಗೊಂದು ಸ್ಕ್ಯಾನರ್ ಮೆನು ಹೊರಗಡೆನೇ ಇಟ್ಟುಬಿಡಿ ಅಂದು ನಕ್ಕುಬಿಟ್ಟಳು. ತನ್ನ ಮಗುವನ್ನು ಶಾಲೆಯಿಂದ ಕರೆತರಲು ಹೊರಟವಳು ಬಾಗಿಲಲ್ಲಿ ತಿರುಗಿ ಏನೋ ಹೇಳಲು ನೋಡಿದಳು. ದಿನವೂ ಹೇಳುತ್ತಿದ್ದ ಊಟಕ್ಕೆ ಮನೆಗೆ ಹೋಗಿ ಬನ್ನಿ ಎಂಬ ಮಾತೇ ಇರಬೇಕು. ಇಂದು ಹೇಳಲಿಲ್ಲ. ಹೇಳದಿರುವುದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ಶ್ಯಾಮಲಮ್ಮನಿಗೆ ತಿಳಿಯಲಿಲ್ಲ.

ಅವಳು ಗೋಡೆಗೆ ಒರಗಿ ನಿಂತಿದ್ದಳು. ಊಟದ ಹೊತ್ತು ಮೀರುತ್ತಿತ್ತು. ಈಗ ಎದ್ದು ಹೋದರೆ, ಎದ್ದು ಎನ್ನುವುದೂ ಸುಳ್ಳು, ನಿಂತೇ ಇದ್ದಳು, ಈಗ ಹೋದರೆ ಮತ್ತೆ ಬರಲು ಕಾರಣ ಏನು ಹೇಳುವುದು. ಮನೆಯಲ್ಲಿ ಕೆನೆಯ ಬಟ್ಟಲು ಕಾಯುತ್ತಿರುತ್ತದೆ. ಒಂದು ಕೆಲಸ ಬಾಕಿ ಇದೆ ಎಂದು ತನಗೇ ಹೇಳಿಕೊಂಡು, ಕವಿತಳ ಭುಜದ ಮೇಲಿನಿಂದ ಬಾಗಿ, ಭೂತಗನ್ನಡಿಯ ಗುರುತನ್ನು ತವರಿನಲ್ಲಿ ಹಾಕಿದಳು. ಬೀಗರಲ್ಲಿ ಹಾಕಿದಳು. ದೊಡ್ಡಪ್ಪನ ಮಕ್ಕಳ ನಡುವೆ, ಊರವರ ನಡುವೆ. ಈಗ ಯಾವ ಮನೆಯ ಬಾಗಿಲು ತೆಗೆದರೂ ಅದು ಅಲ್ಲಿ ಕೂತಿತ್ತು, ಕರೆಯದೆ ಬಂದ ನೆಂಟರ ಹಾಗೆ. ಕವಿತ ಅದನ್ನು ಒತ್ತಿ ನೋಡಿದಳು. ಅಕ್ಷರಗಳು ದೊಡ್ಡದಾದವು. ನಿಮಗೆ ಇದು ಒಳ್ಳೇದಲ್ವಾಮ್ಮ, ಇಲ್ಲಾಂದ್ರೆ ಬಗ್ಗಿ ಬಗ್ಗಿ ನೋಡ್ತೀರಿ ಎಂದಳು. ಎಂದರೆ ನಾಳೆಯೂ ನೋಡುತ್ತೀರಿ ಎಂದು ಅರ್ಥವೋ ಏನೋ.

ಕವಿತ ಎದ್ದು ಜೆರಾಕ್ಸ್ ಯಂತ್ರದ ಹಿಂದೆ ಹೋದಳು. ಹಾಳೆಯ ಕಟ್ಟುಗಳನ್ನು ಇಟ್ಟಿದ್ದ ಮರದ ಪೆಟ್ಟಿಗೆಯೊಂದು ಅಲ್ಲಿತ್ತು. ಕಟ್ಟುಗಳನ್ನು ನೆಲಕ್ಕಿಳಿಸಿ, ಪೆಟ್ಟಿಗೆಯನ್ನು ತಲೆಕೆಳಗು ಮಾಡಿ, ಎಳೆದು ತಂದು ಕುರ್ಚಿಯ ಪಕ್ಕ ಇಟ್ಟು, ಅದರ ಮೇಲೆ ತಾನು ಕೂತಳು. ಕುರ್ಚಿಯನ್ನು ಖಾಲಿ ಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಶ್ಯಾಮಲಮ್ಮ ಅದರಲ್ಲಿ ಕೂತಳು. ಹೊರಗೆ ಗೂಡಿನ ಮೂಟೆ ಹೊತ್ತ ಆಟೋ ಒಂದು ಸದ್ದು ಮಾಡುತ್ತ ಹೋಯಿತು. ಕವಿತ ಚೀಲದಿಂದ ಡಬ್ಬಿ ತೆಗೆದು ಬಿಚ್ಚಿದಳು, ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ರೊಟ್ಟಿಯನ್ನು ಮಡಚಿ ಮುರಿದು, ದೊಡ್ಡ ತುಂಡನ್ನು ಡಬ್ಬಿಯ ಮುಚ್ಚಳದಲ್ಲಿಟ್ಟು, ಪಕ್ಕದಲ್ಲಿ ಚಟ್ನಿ ಬಳಿದಳು. ಮುಚ್ಚಳವನ್ನು ಕೀಬೋರ್ಡಿನ ಅಂಚಿನವರೆಗೆ ಸರಿಸಿ ಅಲ್ಲಿಯೇ ಬಿಟ್ಟಳು. ಬೇಡವಾದರೆ ಬೇಡವೆನ್ನದೆಯೇ ಬಿಡಬಹುದಾದಷ್ಟು ದೂರದಲ್ಲಿ, ಮುಖ ಬೇರೆಡೆ ತಿರುಗಿಸಿಕೊಂಡು. ಶ್ಯಾಮಲಮ್ಮ ಕೈ ಚಾಚಿದಳು. ಅದು ಕಂಡಮೇಲೆ ಕವಿತ ಮುಚ್ಚಳವನ್ನು ಎತ್ತಿ ಅವಳ ಕೈಗೇ ಕೊಟ್ಟಳು.